ಪೊಲ್ಲಿಲೂರಿನ ಗೋಡೆ ಹೇಮಗಿರಿ ಜಾತ್ರೆಗೆ ಬರಲಿ

1800ರಲ್ಲಿ ಲಂಡನ್ನಿನ ಜನ ದುಡ್ಡು ಕೊಟ್ಟು ಶ್ರೀರಂಗಪಟ್ಟಣವನ್ನು ನೋಡಿದರು. ಅದಕ್ಕಾಗಿ ಯಾರೂ ಹಡಗು ಹತ್ತಲಿಲ್ಲ. ಸ್ಟ್ರಾಂಡ್ ಬೀದಿಯ ಲೈಸಿಯಂ ಸಭಾಂಗಣದೊಳಗೆ 120 ಅಡಿ ಉದ್ದದ ಬಟ್ಟೆಯೊಂದನ್ನು ನೋಡುಗರನ್ನು ಬಳಸಿಕೊಂಡಂತೆ ಬಾಗಿಸಿ ಕಟ್ಟಲಾಗಿತ್ತು. ಹಿಂದಿನ ವರ್ಷದ ಮೇ 4ರಂದು ಬಿದ್ದ ನಮ್ಮ ಕೋಟೆ, ಬಿರುಕು ಬಿಟ್ಟ ಗೋಡೆ, ಅದರೊಳಗೆ ನುಗ್ಗುವ ಸಿಪಾಯಿಗಳು, ಹೊಗೆ, ಹೆಣ ಎಲ್ಲವೂ ಅದರ ಮೇಲಿದ್ದವು. ಬರೆದವನು ರಾಬರ್ಟ್ ಕೆರ್ ಪೋರ್ಟರ್, ಆಗಿನ್ನೂ ಇಪ್ಪತ್ತಮೂರರ ಆಸುಪಾಸಿನ ಹುಡುಗ. ಅಷ್ಟು ದೊಡ್ಡ ಚಿತ್ರವನ್ನು ಆರೇ ವಾರದಲ್ಲಿ ಮುಗಿಸಿದ ಎಂದು ಅವನ ಜೀವನಚರಿತ್ರೆ ಹೇಳುತ್ತದೆ. ಕಾವೇರಿಯನ್ನು ಅವನು ಕಣ್ಣಾರೆ ಕಂಡವನಲ್ಲ. ಗೆದ್ದವರು ಹೇಳಿದ್ದನ್ನು ಕೇಳಿ, ಗೆದ್ದವರಿಗೆ ಹಿತವಾಗುವಂತೆ ಬರೆದ. ಆದರೂ ಜನರನ್ನು ಒಂದು ವಸ್ತುವಿನ ಮುಂದೆ ತಂದು ನಿಲ್ಲಿಸುವ ವಿದ್ಯೆ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಎಂಟು ವರ್ಷ ಕಳೆದ ಮೇಲೆ, 1808ರಲ್ಲಿ, ಲೆಡನ್‌ಹಾಲ್ ಬೀದಿಯ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಟಿಪ್ಪುವಿನ ಮರದ ಹುಲಿಯನ್ನು ಸಾರ್ವಜನಿಕರಿಗೆ ಇಟ್ಟರು. ಬಿದ್ದಿರುವ ಯುರೋಪಿಯನ್ ಸೈನಿಕನ ಮೇಲೆ ಕುಳಿತ ಹುಲಿ, ಉದ್ದ ಸುಮಾರು ಒಂದೂಮುಕ್ಕಾಲು ಮೀಟರ್. ಪಕ್ಕದ ಹಿಡಿ ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಸೈನಿಕ ನರಳುತ್ತಾನೆ, ಅವನ ಕೈ ಮೇಲೆ ಕೆಳಗೆ ಆಡುತ್ತದೆ. ಬಂದವರೆಲ್ಲ ಹಿಡಿ ತಿರುಗಿಸಿದರು. ಪಕ್ಕದಲ್ಲಿ ಓದುತ್ತ ಕುಳಿತ ಪಂಡಿತರು ಸದ್ದು ತಾಳಲಾರದೆ ದೂರಿಕೊಂಡರು. ಆ ಹುಲಿಗೆ ಬೇರೆ ಜಾಹೀರಾತೇ ಬೇಕಾಗಲಿಲ್ಲ. 1880ರಿಂದ ಅದು ಇಂದಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ, ಆ ಮ್ಯೂಸಿಯಮ್ಮಿನ ಗುರುತೇ ಆಗಿಬಿಟ್ಟಿದೆ.

ಶ್ರೀರಂಗಪಟ್ಟಣದ ವಸ್ತುಗಳಿಗೆ ಇನ್ನೂರು ವರ್ಷಗಳಿಂದ ಪ್ರಚಾರಕ್ಕೆ ಕೊರತೆಯಾಗಿಲ್ಲ. ಆ ಪ್ರಚಾರವನ್ನು ಮಾಡಿದವರು ಹೊರಗಿನವರು, ಅದು ನಡೆದದ್ದೂ ಹೊರಗೆ. ಅದೇ ಕೆರ್ ಪೋರ್ಟರನ ಹೆಸರಿನ, 1800ರ ತೈಲಚಿತ್ರವೊಂದು ಇಂದು ಶ್ರೀರಂಗಪಟ್ಟಣದ ನಮ್ಮ ದರಿಯಾ ದೌಲತ್ ಅರಮನೆಯಲ್ಲಿದೆ. ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆ 1959ರಲ್ಲಿ ಅಲ್ಲಿ ತೆರೆದ ಟಿಪ್ಪು ಸುಲ್ತಾನ್ ಸಂಗ್ರಹಾಲಯದ ಮುಖ್ಯ ವಸ್ತುಗಳಲ್ಲಿ ಅದೂ ಒಂದು. ಥಾಮಸ್ ಹಿಕಿ ಬರೆದ ಪೆನ್ಸಿಲ್ ಚಿತ್ರಗಳಿವೆ, ನಾಣ್ಯಗಳಿವೆ, ಉಡುಪುಗಳಿವೆ. ಕೆ.ಆರ್. ಪೇಟೆಯ ಹೈಸ್ಕೂಲು ಹುಡುಗಿಯೊಬ್ಬಳನ್ನು ಆ ತೈಲಚಿತ್ರದ ಬಗ್ಗೆ ಕೇಳಿ ನೋಡಿ. ಲಂಡನ್ನಿನ ಹುಲಿಯ ವಿಡಿಯೋ ಅವಳ ಮೊಬೈಲಿಗೆ ಬಂದಿರಬಹುದು, ಮನೆಯಿಂದ ಒಂದೂವರೆ ಗಂಟೆ ದೂರದ ಚಿತ್ರದ ಸುದ್ದಿ ಬಂದಿರಲಾರದು. ಇದರಲ್ಲಿ ಅವಳ ತಪ್ಪೇನೂ ಇಲ್ಲ. ಆ ಚಿತ್ರ ಅವಳ ಊರಿಗೆ ತನ್ನ ಸುದ್ದಿಯನ್ನು ಕಳಿಸಿಲ್ಲ, ಅಷ್ಟೆ.

ಈ ಮಾತನ್ನು ಈಗ ಎತ್ತುವುದಕ್ಕೆ ಕಾರಣವಿದೆ. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಹತ್ತು ಪಥದ ಹೆದ್ದಾರಿ ಉದ್ಘಾಟನೆಯಾಯಿತು. ಬಿಡದಿ, ರಾಮನಗರ, ಮದ್ದೂರು, ಮಂಡ್ಯದ ಹಾಗೆಯೇ ಶ್ರೀರಂಗಪಟ್ಟಣಕ್ಕೂ ಬೈಪಾಸು ಬಂತು. ಅದಕ್ಕೆ ಮೊದಲು ಮೈಸೂರಿಗೆ ಹೋಗುವ ಕಾರು, ಬಸ್ಸು ಎಲ್ಲವೂ ಊರಿನ ಪಕ್ಕದಲ್ಲೇ ಸಾಗಬೇಕಿತ್ತು. ಕೋಟೆಗೋಡೆ ಕಣ್ಣಿಗೆ ಬೀಳುತ್ತಿತ್ತು, ಮಕ್ಕಳು ಕೇಳುತ್ತಿದ್ದರು, ಅಪ್ಪ ಗಾಡಿ ತಿರುಗಿಸುತ್ತಿದ್ದ. ಆ ರಸ್ತೆಯೇ ಊರಿಗೆ ದೊಡ್ಡ ಬೋರ್ಡಾಗಿತ್ತು. ಈಗ ಊರಿಗೆ ಬರಬೇಕೆಂದು ಮೊದಲೇ ಮನಸ್ಸು ಮಾಡಿದವರು ಮಾತ್ರ ಇಳಿಯುತ್ತಾರೆ. ಹಾಗಾಗಿ ಇಲ್ಲಿ ಯಾವ ಪ್ರದರ್ಶನ ಏರ್ಪಡಿಸಿದರೂ ಜನ ದಾರಿಯಲ್ಲಿ ಸಿಗುತ್ತಾರೆ ಎಂದು ನಂಬಿ ಕೂರುವಂತಿಲ್ಲ, ಅವರನ್ನು ಅವರಿರುವಲ್ಲಿಂದ ಎಬ್ಬಿಸಿ ತರಬೇಕು. ಬೆಂಗಳೂರಿನ ಕಾರಿಗಿಂತ ಮೊದಲು ಎಬ್ಬಿಸಬೇಕಾದವರು ಪಾಂಡವಪುರ ಉಪವಿಭಾಗದ ನಾಲ್ಕು ತಾಲ್ಲೂಕಿನ ಜನ: ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ಟಿಪ್ಪುವಿನ ಕಾಲದ ಯುದ್ಧಗಳು ತುಳಿದು ಹೋದದ್ದು ಈ ಸೀಮೆಯ ಹೊಲಗದ್ದೆಗಳನ್ನು, ಅದಕ್ಕೆ ಅವರು ಮೊದಲು.

ಜನರನ್ನು ಹೀಗೆ ಎಬ್ಬಿಸಲು ಬೇಕಾದದ್ದು ಪ್ರಚಾರದ ಸ್ಟಂಟ್. ಸ್ಟಂಟ್ ಎಂದ ಕೂಡಲೇ ಓದುಗರ ಮನಸ್ಸಿನಲ್ಲಿ ಸಿನಿಮಾದವರ ಗದ್ದಲ ಎದ್ದು ನಿಲ್ಲುತ್ತದೆ. ಆದರೆ ಈ ಕಸುಬಿನ ಒಳಗುಟ್ಟು ಗದ್ದಲದಲ್ಲಿ ಇಲ್ಲ. ನ್ಯೂಯಾರ್ಕಿನಲ್ಲಿ ಅಮೆರಿಕನ್ ಮ್ಯೂಸಿಯಂ ನಡೆಸುತ್ತಿದ್ದ ಪಿ.ಟಿ. ಬಾರ್ನಮ್ ತನ್ನ ಆತ್ಮಕತೆಯಲ್ಲಿ ಒಂದು ಪ್ರಸಂಗ ಬರೆದುಕೊಂಡಿದ್ದಾನೆ. ಕೆಲಸ ಕೇಳಿಕೊಂಡು ಬಂದ ಒಬ್ಬನ ಕೈಗೆ ಐದು ಇಟ್ಟಿಗೆ ಕೊಟ್ಟ. ನಾಲ್ಕನ್ನು ಸುತ್ತಲಿನ ನಾಲ್ಕು ಜಾಗದಲ್ಲಿ ಇಡಬೇಕು. ಐದನೆಯದನ್ನು ಕೈಯಲ್ಲಿ ಹಿಡಿದು ಒಂದೊಂದು ಜಾಗಕ್ಕೂ ಚುರುಕಾಗಿ ನಡೆದು, ಅಲ್ಲಿರುವ ಇಟ್ಟಿಗೆ ಎತ್ತಿಕೊಂಡು ಕೈಯಲ್ಲಿರುವುದನ್ನು ಇಟ್ಟು ಮುಂದೆ ಸಾಗಬೇಕು. ಯಾರು ಏನು ಕೇಳಿದರೂ ಉತ್ತರ ಕೊಡಕೂಡದು. ಗಂಟೆಗೊಮ್ಮೆ ಮ್ಯೂಸಿಯಮ್ಮಿನ ಬಾಗಿಲಿಗೆ ಬಂದು ಟಿಕೆಟ್ ತೋರಿಸಿ, ಗಂಭೀರವಾಗಿ ಒಳಗೆಲ್ಲ ಒಂದು ಸುತ್ತು ಹಾಕಿ ಹೊರಬಂದು ಮತ್ತೆ ಅದೇ ಕೆಲಸ. ಅರ್ಧ ಗಂಟೆಯಲ್ಲಿ ಬೀದಿ ತುಂಬ ಜನ. ಅವನು ಒಳಗೆ ಹೋದಾಗಲೆಲ್ಲ ಗುಟ್ಟು ತಿಳಿಯಲೆಂದು ಹತ್ತಾರು ಮಂದಿ ಟಿಕೆಟ್ ಕೊಂಡು ಹಿಂದೆ ನುಗ್ಗಿದರು. ಕೊನೆಗೆ ರಸ್ತೆ ಕಟ್ಟಿಹೋಗುತ್ತಿದೆ ಎಂದು ಪೊಲೀಸರು ಬಂದು ನಿಲ್ಲಿಸಬೇಕಾಯಿತು.

ಇಟ್ಟಿಗೆ ಹಿಡಿದವನು ಒಂದು ಮಾತೂ ಆಡಲಿಲ್ಲ. ಅವನು ಬೀದಿಗೆ ತಂದದ್ದು ಒಂದು ಪ್ರಶ್ನೆಯನ್ನು, ಉತ್ತರ ಮ್ಯೂಸಿಯಮ್ಮಿನ ಒಳಗಿದೆ ಎಂಬ ಆಸೆಯನ್ನು. ಸ್ಟಂಟಿನ ಎಲುಬು ಇದೇ. ಬಾರ್ನಮ್ ಎಡವಿದ್ದೂ ಇಲ್ಲೇ. ಒಳಗೆ ಹೋದವರಿಗೆ ಇಟ್ಟಿಗೆಯ ಬಗ್ಗೆ ಉತ್ತರವೇನೂ ಸಿಗಲಿಲ್ಲ. 1842ರಲ್ಲಿ ಅವನು ಮತ್ಸ್ಯಕನ್ಯೆ ಎಂದು ತೋರಿಸಿದ್ದಂತೂ ಮಂಗನ ಮುಂಡಕ್ಕೆ ಮೀನಿನ ಬಾಲ ಹೊಲಿದ ವಸ್ತು. ಜನ ಬಂದರು, ಮೋಸಹೋದರು. ದುಡ್ಡಿಗಾಗಿ ಅಂಗಡಿ ತೆರೆದವನಿಗೆ ಅದು ನಡೆದೀತು, ನಂಬಿಕೆಯ ಮೇಲೆ ನಿಂತ ಸರ್ಕಾರಿ ಸಂಗ್ರಹಾಲಯಕ್ಕೆ ನಡೆಯದು. ಬೀದಿಯಲ್ಲಿ ಎತ್ತಿದ ಪ್ರಶ್ನೆಗೆ ಗಾಜಿನ ಪೆಟ್ಟಿಗೆಯೊಳಗೆ ನಿಜವಾದ ಉತ್ತರ ಇರಲೇಬೇಕು.

ಈ ಮಾತಿಗೆ ಇತ್ತೀಚಿನ ಒಳ್ಳೆಯ ಉದಾಹರಣೆ ನೆದರ್ಲೆಂಡ್ಸಿನದು. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ ದುರಸ್ತಿಗೆಂದು ಹತ್ತು ವರ್ಷ ಬಹುಪಾಲು ಮುಚ್ಚಿತ್ತು. 2013ರ ಏಪ್ರಿಲ್ 13ರಂದು ಮತ್ತೆ ತೆರೆಯಬೇಕು. ಆ ದಿನಗಳಲ್ಲಿ ಬ್ರೇಡಾ ಎಂಬ ಊರಿನ ಮಾಲ್‌ನಲ್ಲಿ ಜನ ತಮ್ಮ ಪಾಡಿಗೆ ತಾವು ಸಾಮಾನು ಕೊಳ್ಳುತ್ತಿದ್ದಾಗ, ಹದಿನೇಳನೆಯ ಶತಮಾನದ ಉಡುಪು ತೊಟ್ಟವರು ಕಳ್ಳನೊಬ್ಬನನ್ನು ಅಟ್ಟಿಸಿಕೊಂಡು ಬಂದರು. ಕುದುರೆ ಬಂತು, ಮೇಲಂತಸ್ತಿನಿಂದ ಹಗ್ಗ ಹಿಡಿದು ಕೆಲವರು ಇಳಿದರು, ಭರ್ಜಿ ಝಳಪಿಸಿದರು. ಕಡೆಗೆ ಎಲ್ಲರೂ ಒಂದೆಡೆ ಸೇರಿ ಅಲುಗಾಡದೆ ನಿಂತಾಗ ಮೇಲಿನಿಂದ ದೊಡ್ಡ ಚೌಕಟ್ಟು ಇಳಿಯಿತು. ಜನರ ಕಣ್ಣೆದುರಿಗಿದ್ದದ್ದು ರೆಂಬ್ರಾಂಟ್ 1642ರಲ್ಲಿ ಬರೆದ 'ರಾತ್ರಿ ಕಾವಲು'. ಮೂಲ ಚಿತ್ರ ಮ್ಯೂಸಿಯಮ್ಮಿನಲ್ಲಿ ಕ್ಷೇಮವಾಗಿತ್ತು, ಅದರ ಒಂದು ಅಂಚೂ ಅಲುಗಲಿಲ್ಲ. ಅದರೊಳಗಿನ ಮನುಷ್ಯರು ಮಾತ್ರ ಎದ್ದು ಮಾಲಿಗೆ ಬಂದಿದ್ದರು. ಜನ ಮೊಬೈಲಿನಲ್ಲಿ ಹಿಡಿದದ್ದು, ಊರೂರಿಗೆ ಕಳಿಸಿದ್ದು ಇದನ್ನೇ.

ಇದನ್ನು ಹಾಲೆಂಡಿನವರಿಂದಲೇ ಕಲಿಯಬೇಕಾದ ಗತಿ ಮಂಡ್ಯ ಜಿಲ್ಲೆಗೆ ಬಂದಿಲ್ಲ. ಮೇಲುಕೋಟೆಯ ವೈರಮುಡಿಯನ್ನೇ ನೆನೆಯಿರಿ. ಆ ವಜ್ರಕಿರೀಟ ವರ್ಷವಿಡೀ ಮಂಡ್ಯದ ಖಜಾನೆಯಲ್ಲಿ ಬೀಗದೊಳಗೆ ಇರುತ್ತದೆ. ವರ್ಷಕ್ಕೊಮ್ಮೆ, ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ, ಪೊಲೀಸ್ ಕಾವಲಿನಲ್ಲಿ ಹೊರಟು ಶ್ರೀರಂಗಪಟ್ಟಣ, ಪಾಂಡವಪುರದ ದಾರಿ ಹಿಡಿದು ಮೇಲುಕೋಟೆ ಸೇರುತ್ತದೆ. ದಾರಿಯುದ್ದಕ್ಕೂ ಊರಿನವರು ತೋರಣ ಕಟ್ಟಿ, ಪೂಜೆ ಸಲ್ಲಿಸಿ ಕಳಿಸಿಕೊಡುತ್ತಾರೆ. ಅವರ ಕಣ್ಣಿಗೆ ಬೀಳುವುದು ಮುಚ್ಚಿದ ಪೆಟ್ಟಿಗೆ ಮಾತ್ರ. ಕಿರೀಟವನ್ನು ಕಾಣಬೇಕಾದರೆ ಆ ರಾತ್ರಿ ಬೆಟ್ಟ ಹತ್ತಬೇಕು, ಚೆಲುವನಾರಾಯಣನ ಮುಡಿಯ ಮೇಲೆ ನೋಡಬೇಕು. ಲಕ್ಷಾಂತರ ಜನ ಹತ್ತುತ್ತಾರೆ. ಇದು ಭಕ್ತಿ, ಇದನ್ನು ಪ್ರಚಾರವೆಂದು ಕರೆಯುವ ಧಾರ್ಷ್ಟ್ಯ ನನಗಿಲ್ಲ. ಆದರೆ ಒಂದು ಅಮೂಲ್ಯ ವಸ್ತುವಿಗೂ ಜನರಿಗೂ ನಡುವಿನ ದೂರವನ್ನು ಹೇಗೆ ದಾಟಿಸಬೇಕು ಎಂಬ ತಿಳಿವಳಿಕೆ ಈ ನೆಲದಲ್ಲಿ ಶತಮಾನಗಳಿಂದ ಇದೆ: ವಸ್ತು ತಾನೇ ಅರ್ಧ ದಾರಿ ಬರಬೇಕು, ಪೂರ್ತಿ ಕಾಣಿಸಿಕೊಳ್ಳಬಾರದು, ಉಳಿದರ್ಧ ದಾರಿಯನ್ನು ಜನ ತಾವೇ ನಡೆಯುತ್ತಾರೆ.

ನಮ್ಮ ಟೆಂಟ್ ಸಿನಿಮಾದವರಿಗೂ ಇದು ಗೊತ್ತಿತ್ತು. ಎರಡು ಕಡೆ ಪೋಸ್ಟರ್ ಹಲಗೆ ಕಟ್ಟಿದ ಗಾಡಿ, ಒಳಗೆ ಮೈಕು, ಕರಪತ್ರ ಎರಚುತ್ತ ಹೋಗುವವನು, ಹಿಂದೆ ಓಡುವ ಮಕ್ಕಳು. ಕತೆಯನ್ನು ಅರ್ಧ ಹೇಳಿ, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಎನ್ನುತ್ತಿದ್ದರು. ಗುಬ್ಬಿ ವೀರಣ್ಣನವರು ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ಇಳಿಸಿದರು. ಅದು ನಾಟಕದ ಒಳಗಿನ ಸಂಗತಿಯೇ ಆಗಿದ್ದರಿಂದ ಜನ ಆನೆ ನೋಡಲು ಬಂದು ನಾಟಕ ನೋಡಿ ಹೋದರು.

ಶ್ರೀರಂಗಪಟ್ಟಣದಲ್ಲಿಯೇ ಇಂಥ ಒಂದು ಅಚ್ಚರಿ ತಾನಾಗಿ ಒದಗಿಬಂದಿತ್ತು. ರೈಲ್ವೆ ಜೋಡಿಮಾರ್ಗಕ್ಕೆ ಅಡ್ಡವಾಗಿದ್ದ ಟಿಪ್ಪು ಕಾಲದ ಶಸ್ತ್ರಾಗಾರವನ್ನು 2017ರಲ್ಲಿ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದರು. ಸುಮಾರು ಸಾವಿರ ಟನ್ ತೂಕದ ಇಟ್ಟಿಗೆ ಗಾರೆಯ ಕಟ್ಟಡ, ಅದರಡಿಗೆ ಉಕ್ಕಿನ ತೊಲೆ, ಜಾಕಿ. ಇಂಚಿಂಚಾಗಿ ನೂರು ಮೀಟರಿಗೂ ಹೆಚ್ಚು ದೂರ ನಡೆದುಹೋಯಿತು. ಕಟ್ಟಡವೊಂದು ಊರಿನಲ್ಲಿ ನಡೆಯುವುದಕ್ಕಿಂತ ದೊಡ್ಡ ಸ್ಟಂಟ್ ಯಾವ ಮ್ಯೂಸಿಯಮ್ಮಿಗೆ ಸಿಕ್ಕೀತು? ಆಗ ನಾನು ಓದಿದ ವರದಿಗಳ ತುಂಬ ಜಾಕಿಯ ವಿವರ, ಕಂಪನಿಯ ವಿವರ, ಖರ್ಚಿನ ವಿವರ ಇದ್ದವು. ಅಷ್ಟು ದಪ್ಪ ಗೋಡೆ ಏಕೆ, ಮದ್ದನ್ನು ತೇವದಿಂದ ಹೇಗೆ ಕಾಪಾಡುತ್ತಿದ್ದರು, ಮೈಸೂರಿನ ರಾಕೆಟ್ಟಿನ ಕಬ್ಬಿಣದ ಕೊಳವೆಗೆ ಅದನ್ನು ಹೇಗೆ ತುಂಬುತ್ತಿದ್ದರು ಎಂಬ ಪ್ರಶ್ನೆಗಳು ಆ ದಿನ ಪ್ರತಿಯೊಬ್ಬ ಹುಡುಗನ ತಲೆಗೂ ಹೋಗಬಹುದಿತ್ತು. ಮರುವರ್ಷವೇ ಹೊಸನಗರ ತಾಲ್ಲೂಕಿನ ನಗರದಲ್ಲಿ ಹಳೆಯ ಬಾವಿಯ ಹೂಳೆತ್ತುವಾಗ ಸಾವಿರದಷ್ಟು ಯುದ್ಧ ರಾಕೆಟ್ಟುಗಳು ಸಿಕ್ಕವು. ಕೊಳವೆ ಅಲ್ಲಿ, ಮದ್ದಿನ ಮನೆ ಇಲ್ಲಿ. ಎರಡನ್ನೂ ಒಟ್ಟಿಗೆ ಇಟ್ಟು ಕತೆ ಹೇಳುವ ಪ್ರದರ್ಶನಕ್ಕೆ ಇಂದಿಗೂ ಕಾಲ ಮಿಂಚಿಲ್ಲ.

ಇನ್ನೊಂದು ಬಗೆಯ ಸುದ್ದಿ ಮಾತ್ರ ತಪ್ಪದೆ ಬರುತ್ತದೆ, ಅದು ಹರಾಜಿನದು. 2023ರ ಮೇನಲ್ಲಿ ಟಿಪ್ಪುವಿನ ಶಯನಗೃಹದ ಖಡ್ಗ ಲಂಡನ್ನಿನಲ್ಲಿ 1.4 ಕೋಟಿ ಪೌಂಡಿಗೆ ಹೋಯಿತು. ಮಾರನೆಯ ದಿನ ಟೀ ಅಂಗಡಿಯಲ್ಲಿ ಎಲ್ಲರ ಬಾಯಲ್ಲೂ ಬೆಲೆಯೇ. ಖಡ್ಗದ ಮೇಲೆ ಏನು ಬರೆದಿತ್ತು, ಯಾರು ಬೆಸೆದರು ಎಂದು ಒಬ್ಬರೂ ಕೇಳಲಿಲ್ಲ. ಬೆಲೆಯ ಮೂಲಕ ಬರುವ ಪ್ರಸಿದ್ಧಿ ವಸ್ತುವನ್ನು ಮರೆಸಿಬಿಡುತ್ತದೆ. ಆದ್ದರಿಂದ ದರಿಯಾ ದೌಲತ್‌ನಲ್ಲಿ ನಾವು ಪ್ರದರ್ಶನ ಏರ್ಪಡಿಸಿದರೆ ಅದರ ಪ್ರಚಾರದಲ್ಲಿ ಕೋಟಿಯ ಲೆಕ್ಕ ಎಲ್ಲಿಯೂ ಬರಕೂಡದು ಎಂಬುದು ನನ್ನ ಮೊದಲ ಶರತ್ತು.

ಹಾಗಾದರೆ ಏನು ಮಾಡಬೇಕು? ದರಿಯಾ ದೌಲತ್ತಿನ ಪಶ್ಚಿಮದ ಗೋಡೆಯಿಂದಲೇ ಹೊರಡೋಣ. 1784ರಲ್ಲಿ ಟಿಪ್ಪು ಕಟ್ಟಿಸಿದ ಈ ಬೇಸಿಗೆ ಅರಮನೆಯ ಆ ಗೋಡೆಯ ಮೇಲೆ 1780ರ ಸೆಪ್ಟೆಂಬರ್ 10ರ ಪೊಲ್ಲಿಲೂರಿನ ಕದನವಿದೆ. ಅದು ಕಂಪನಿಯ ಸೈನ್ಯವನ್ನು ಹೈದರ್ ಮತ್ತು ಟಿಪ್ಪು ಮಣ್ಣು ಮುಕ್ಕಿಸಿದ ದಿನ. ಚಿತ್ರದ ಒಂದು ಕಡೆ ಆನೆ ಕುದುರೆಗಳ ಸಾಲು ಸಾಲು ಮೆರವಣಿಗೆ. ತಂದೆ ಮಗ ಇಬ್ಬರೂ ಹೂವಿನ ತೋಟ ನೋಡಲು ಹೊರಟವರ ಹಾಗೆ ನೆಮ್ಮದಿಯಾಗಿ ಗುಲಾಬಿ ಹಿಡಿದಿದ್ದಾರೆ. ಇನ್ನೊಂದು ಕಡೆ ಕೆಂಪಂಗಿಯವರ ಚೌಕಾಕಾರದ ವ್ಯೂಹ, ಅದರ ನಡುವೆ ಸಿಡಿಯುತ್ತಿರುವ ಮದ್ದಿನ ಬಂಡಿ, ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚುತ್ತಿರುವ ಕರ್ನಲ್ ಬೈಲಿ. ಮುತ್ತಿಗೆಯ ಕಾಲದಲ್ಲಿ ಸುಣ್ಣ ಬಳಿಸಿಕೊಂಡು ಮರೆಯಾದ ಈ ಚಿತ್ರವನ್ನು ಮೊದಲು ಆರ್ಥರ್ ವೆಲ್ಲೆಸ್ಲಿ, ಅವನ ನಂತರ ಡಾಲ್‌ಹೌಸಿ ಮತ್ತೆ ಬರೆಸಿದರು. ಸೋತವರ ಕಡೆಯವರೇ ತಮ್ಮ ಸೋಲಿನ ಚಿತ್ರವನ್ನು ಉಳಿಸಿಕೊಟ್ಟ ಸಂಗತಿ ಇದು. ಇದನ್ನು ಬರೆಸಿದ ಕಾಲಕ್ಕೆ ಇದೂ ಒಂದು ಪ್ರಚಾರವೇ ಆಗಿತ್ತು, ಅರಮನೆಗೆ ಬಂದವರ ಕಣ್ಣಿಗೆ ಈ ಗೋಡೆ ಬೀಳುತ್ತಿತ್ತಲ್ಲ.

ಗೋಡೆಯನ್ನು ಅಲುಗಾಡಿಸುವಂತಿಲ್ಲ. ಆದರೆ ಕೆರ್ ಪೋರ್ಟರ್ ಮಾಡಿದ್ದನ್ನು ನಾವು ತಿರುಗಿಸಿ ಮಾಡಬಹುದು. ಅವನ ಚಿತ್ರದಷ್ಟೇ ಉದ್ದದ, 120 ಅಡಿಯ ಬಟ್ಟೆ ತೆಗೆದುಕೊಳ್ಳೋಣ. ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಹೇಮಾವತಿಯ ದಡದ ಹೇಮಗಿರಿಯಲ್ಲಿ ರಥಸಪ್ತಮಿಯ ಸುಮಾರಿಗೆ ದನಗಳ ಜಾತ್ರೆ ಸೇರುತ್ತದೆ. ಎತ್ತು ಕಟ್ಟಿದ ಚಪ್ಪರಗಳ ಪಕ್ಕದಲ್ಲಿ ಆ ಬಟ್ಟೆಯನ್ನು ಕಟ್ಟಿ, ಜನರ ಎದುರಿಗೇ ಪೊಲ್ಲಿಲೂರಿನ ಚಿತ್ರವನ್ನು ಬರೆಯುತ್ತ ಹೋಗಬೇಕು. ಬರೆಯುವವರು ಈ ನಾಲ್ಕು ತಾಲ್ಲೂಕಿನ ಬೋರ್ಡ್ ಬರೆಯುತ್ತಿದ್ದ ಕಲಾವಿದರು. ಫ್ಲೆಕ್ಸ್ ಬಂದ ಮೇಲೆ ಅವರ ಕೈಗೆ ಕೆಲಸವಿಲ್ಲ. ಅಂಗಡಿಯ ಹೆಸರು, ಬಸ್ಸಿನ ಹಿಂದಿನ ಹದ್ದು, ಲಾರಿಯ ಮೇಲಿನ ಹುಲಿ ಬರೆದ ಆ ಕೈಗಳ ರೇಖೆ ಇಂದಿಗೂ ಗಟ್ಟಿಯಾಗಿದೆ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜಿನ ವಿದ್ಯಾರ್ಥಿಗಳು ಅವರ ಜೊತೆ ನಿಲ್ಲಲಿ. ಕೂಲಿ ಸರಿಯಾಗಿ ಕೊಡಬೇಕು, ಹೆಸರುಗಳನ್ನು ಬಟ್ಟೆಯ ಮೇಲೇ ಬರೆಯಬೇಕು.

ಚಿತ್ರವನ್ನು ಪೂರ್ತಿ ಮಾತ್ರ ಮಾಡಕೂಡದು. ಪಲ್ಲಕ್ಕಿ ಇರಲಿ, ಒಳಗೆ ಕುಳಿತವನು ಬೇಡ. ಆನೆಯ ಮೇಲಿನವನ ಕೈ ಇರಲಿ, ಕೈಯಲ್ಲಿ ಹಿಡಿದ ವಸ್ತು ಬೇಡ. ಹೊಗೆ ಏಳುತ್ತಿರಲಿ, ಸಿಡಿದದ್ದು ಏನೆಂದು ಕಾಣದಿರಲಿ. ಹೀಗೆ ಏಳೆಂಟು ಕಡೆ ಬಿಳಿ ಜಾಗ ಬಿಟ್ಟು, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 'ದರಿಯಾ ದೌಲತ್, ಪಶ್ಚಿಮದ ಗೋಡೆ' ಎಂದಷ್ಟೇ ಬರೆದರೆ ಸಾಕು. ಜಾತ್ರೆಗೆ ಬಂದ ರೈತ ಎತ್ತಿನ ಹಲ್ಲು ನೋಡಿ ವ್ಯಾಪಾರ ಮುಗಿಸುವಷ್ಟರಲ್ಲಿ ಹತ್ತು ಸಲ ಆ ಬಟ್ಟೆಯ ಮುಂದೆ ಹಾಯುತ್ತಾನೆ. ಎತ್ತು ಕುದುರೆಗಳ ಕಾಲಿನ ಹೆಜ್ಜೆ ಸರಿಯಾಗಿದೆಯೇ ಇಲ್ಲವೇ ಎಂದು ಯಾವ ಕಲಾವಿಮರ್ಶಕನಿಗಿಂತ ಚೆನ್ನಾಗಿ ಹೇಳುತ್ತಾನೆ. ಪಲ್ಲಕ್ಕಿಯಲ್ಲಿ ಯಾರು ಎಂಬ ಪ್ರಶ್ನೆಯನ್ನು ಮನೆಗೆ ಹೊತ್ತುಕೊಂಡು ಹೋಗುತ್ತಾನೆ. ಅದೇ ಬಟ್ಟೆಯನ್ನು ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಜಾತ್ರೆಗೆ, ನಾಗಮಂಗಲದ ಬಸ್ ನಿಲ್ದಾಣಕ್ಕೆ ಸುತ್ತಿಕೊಂಡು ಹೋಗಬಹುದು.

ನಾಗಮಂಗಲಕ್ಕೆ ಅದರದೇ ಇನ್ನೊಂದು ಸಂಗತಿ ಇದೆ, ಅದನ್ನು ಬರೆಯುವಾಗ ನನ್ನ ಮನಸ್ಸು ಕಲಕುತ್ತದೆ. 1792ರಲ್ಲಿ ಟಿಪ್ಪುವಿನ ವಿರುದ್ಧದ ಯುದ್ಧದಲ್ಲಿ ಮರಾಠರ ಸೈನ್ಯ ಈ ಊರನ್ನು ಹಾಳುಗೆಡವಿತು. ಆಗ ಒಂದೂವರೆ ಲಕ್ಷ ಫಲದ ಮರಗಳನ್ನು ಕಡಿದುಹಾಕಿದರಂತೆ ಎಂದು ಹಳೆಯ ಗೆಜೆಟಿಯರು ಬರೆಯುತ್ತದೆ. ನಮ್ಮ ಯುದ್ಧದ ಚಿತ್ರಗಳಲ್ಲಿ ಆನೆ, ಕುದುರೆ, ಖಡ್ಗ, ಸುಲ್ತಾನ, ಕರ್ನಲ್ ಎಲ್ಲರೂ ಇದ್ದಾರೆ, ಕಡಿದ ಮರದ ಬುಡದಲ್ಲಿ ಕುಳಿತ ತೋಟದವನು ಇಲ್ಲ. ಪ್ರದರ್ಶನ ನಡೆಯುವ ತಿಂಗಳಲ್ಲಿ ನಾಗಮಂಗಲದ ಬಸ್ ನಿಲ್ದಾಣದಲ್ಲಿ ಮಾವು, ಹಲಸಿನ ಸಸಿಗಳನ್ನು ಹಂಚಲಿ. ಪ್ರತಿ ಸಸಿಗೆ ಒಂದು ಚೀಟಿ: 'ಈ ಮರವನ್ನು 1792ರಲ್ಲಿ ಕಡಿದರು. ಏಕೆ?' ಅಷ್ಟೇ. ಆ ಚೀಟಿ ಹಿಡಿದು ಶ್ರೀರಂಗಪಟ್ಟಣಕ್ಕೆ ಬಂದವರಿಗೆ ಯುದ್ಧದಲ್ಲಿ ರೈತನ ಪಾಡನ್ನು ತೋರಿಸುವ ಒಂದು ಕೋಣೆ ಕಾದಿರಬೇಕು: ಸೈನ್ಯಕ್ಕೆ ದನ, ದವಸ ಎಲ್ಲಿಂದ ಹೋಗುತ್ತಿತ್ತು, ಮುತ್ತಿಗೆ ಹಾಕಿದವನಿಗೆ ಮೇವು ಸಿಗದಂತೆ ಬೆಳೆ ಸುಡುವುದೆಂದರೇನು. ಬ್ಯಾನರು ಮರುದಿನ ಹರಿದುಹೋಗುತ್ತದೆ, ಸಸಿ ಬದುಕಿದರೆ ಮೊಮ್ಮಗನೂ ಆ ಚೀಟಿಯ ಕತೆ ಹೇಳುತ್ತಾನೆ.

ಪಾಂಡವಪುರಕ್ಕೆ ಇಷ್ಟು ಶ್ರಮವೂ ಬೇಡ. ಬ್ರಿಟಿಷರ ಕಾಲದಲ್ಲಿ ಆ ಊರಿನ ಹೆಸರು ಫ್ರೆಂಚ್ ರಾಕ್ಸ್. ಹೈದರ್, ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಆ ಬಂಡೆಗಳ ಬಳಿ ಬಿಡಾರ ಹೂಡಿದ್ದರಿಂದ ಬಂದದ್ದು. ಹಳಬರು ಹಿರೋಡೆ ಎಂದೂ ಕರೆಯುತ್ತಿದ್ದರು. ಒಂದು ವಾರ ಅಲ್ಲಿಗೆ ಓಡುವ ಒಂದು ಬಸ್ಸಿನ ಮುಂದೆ, ನಿಜವಾದ ಬೋರ್ಡಿನ ಕೆಳಗೆ, 'ಫ್ರೆಂಚ್ ರಾಕ್ಸ್' ಎಂಬ ಎರಡನೆಯ ಬೋರ್ಡು ಹಾಕಿ ಓಡಿಸಿದರೆ ಸಾಕು, ಇಡೀ ತಾಲ್ಲೂಕು ಮಾತಾಡಿಕೊಳ್ಳುತ್ತದೆ. ಮೊದಲ ಬೋರ್ಡನ್ನು ಮಾತ್ರ ತೆಗೆಯಬಾರದು. ಊರಿಗೆ ತುರ್ತಾಗಿ ಹೋಗಬೇಕಾದ ಮುದುಕಿಯೊಬ್ಬರು ಬಸ್ ತಪ್ಪಿಸಿಕೊಂಡರೆ ನಮ್ಮ ಪ್ರಚಾರಕ್ಕೆ ಬೆಲೆಯೇ ಇಲ್ಲ.

ಗಂಭೀರವಾದ ಎಚ್ಚರಿಕೆಯ ಮಾತೂ ಇದೆ. ಟಿಪ್ಪುವಿನ ಹೆಸರು ಈ ನಾಡಿನಲ್ಲಿ ಎಲ್ಲರ ಮನಸ್ಸನ್ನೂ ಒಂದೇ ರೀತಿ ತಟ್ಟುವುದಿಲ್ಲ. ಮೇಲುಕೋಟೆಯ ಮಂಡ್ಯಂ ಅಯ್ಯಂಗಾರ್ ಮನೆತನಗಳು ಇಂದಿಗೂ ನರಕ ಚತುರ್ದಶಿಯಂದು ಹಬ್ಬ ಮಾಡುವುದಿಲ್ಲ. ಟಿಪ್ಪುವಿನ ಕಾಲದಲ್ಲಿ ತಮ್ಮವರು ಸತ್ತ ನೆನಪಿಗೆ ಆ ದಿನ ಅವರ ಮನೆಗಳಲ್ಲಿ ದೀಪವಿಲ್ಲ. ಶ್ರೀರಂಗಪಟ್ಟಣದ ಅನೇಕ ಮನೆಗಳಲ್ಲಿ ಅದೇ ಸುಲ್ತಾನ ಕೋಟೆ ಬಿಡದೆ ಕಾದಾಡಿ ಸತ್ತ ದೊರೆ. ಎರಡು ನೆನಪುಗಳ ನಡುವಿನ ನೇರ ದೂರ ಮೂವತ್ತು ಕಿಲೋಮೀಟರಿನಷ್ಟೂ ಇಲ್ಲ. ಇಂಥ ನೆಲದಲ್ಲಿ ಜಯಕಾರದ ಮೆರವಣಿಗೆಯನ್ನೂ ಧಿಕ್ಕಾರದ ಮೆರವಣಿಗೆಯನ್ನೂ ಮ್ಯೂಸಿಯಂ ಮಾಡಬಾರದು. ಪ್ರಶ್ನೆ ಕೇಳುವ ಸ್ಟಂಟನ್ನೇ ನಾನು ಹಿಡಿದು ಕೂರುವುದು ಇದಕ್ಕಾಗಿಯೂ. ಪಲ್ಲಕ್ಕಿಯಲ್ಲಿ ಯಾರು, ಮರ ಕಡಿದದ್ದೇಕೆ ಎಂದು ಕೇಳಿದರೆ ಯಾವ ಮನೆಯವರಿಗೂ ಅವಮಾನವಾಗುವುದಿಲ್ಲ. ವೈರಮುಡಿಯ ವಾರದಲ್ಲಿ ಮಾತ್ರ ಬಟ್ಟೆಯನ್ನು ಸುತ್ತಿ ಒಳಗಿಡಬೇಕು. ಆ ದಾರಿ ಆ ದಿನ ಚೆಲುವನಾರಾಯಣನದು. ಪ್ರದರ್ಶನದ ಒಳಗೆ ಮೇಲುಕೋಟೆಯವರ ನೆನಪಿಗೂ ಗೌರವದ ಜಾಗ ಸಿಗಬೇಕು, ಆ ಜಾಗದ ಮಾತುಗಳನ್ನು ಅವರನ್ನೇ ಕೂರಿಸಿಕೊಂಡು ಬರೆಯಬೇಕು.

ಕಾನೂನಿನ ಮಾತು ಚಿಕ್ಕದು. ದರಿಯಾ ದೌಲತ್ ಕೇಂದ್ರ ಸಂರಕ್ಷಿತ ಸ್ಮಾರಕ. ಅಂಥ ಸ್ಮಾರಕದ ಸುತ್ತ ನೂರು ಮೀಟರ್ ನಿಷೇಧಿತ ವಲಯ, ಅದರಾಚೆ ಇನ್ನೂರು ಮೀಟರ್ ನಿಯಂತ್ರಿತ ವಲಯ. ಆವರಣದಲ್ಲಿ ಯಾವ ಕಾರ್ಯಕ್ರಮಕ್ಕೂ ಪುರಾತತ್ವ ಇಲಾಖೆಯ ಅನುಮತಿ ಬೇಕು. ಅಷ್ಟು ಹಳೆಯ ಬಣ್ಣಕ್ಕೆ ಧ್ವನಿವರ್ಧಕದ ನಡುಕ, ಪಟಾಕಿಯ ಹೊಗೆ, ಸಾವಿರ ಫ್ಲ್ಯಾಶು ಯಾವುದೂ ಒಳ್ಳೆಯದಲ್ಲ. ಹಾಗಾಗಿ ಸ್ಟಂಟೆಲ್ಲ ಊರಾಚೆ, ಜಾತ್ರೆಯಲ್ಲಿ, ಬಸ್ ನಿಲ್ದಾಣದಲ್ಲಿ ನಡೆಯಲಿ, ಸ್ಮಾರಕದ ಒಳಗೆ ಶಾಂತಿ ಇರಲಿ. ರಾಕೆಟ್ಟಿನ ಪ್ರಾತ್ಯಕ್ಷಿಕೆ ಎಂದು ಮದ್ದು ಹಚ್ಚುವ ಉತ್ಸಾಹ ಯಾರಿಗಾದರೂ ಬಂದರೆ ಅದನ್ನು ಅಲ್ಲಿಯೇ ನಿಲ್ಲಿಸಬೇಕು.

ಇಷ್ಟೆಲ್ಲ ಮಾಡಿ ಜನ ಬಂದ ದಿನ ಒಳಗೆ ಏನಿರುತ್ತದೆ ಎಂಬುದರ ಮೇಲೆ ನಿಜವಾದ ಪರೀಕ್ಷೆ. ಹೇಮಗಿರಿಯಲ್ಲಿ ಖಾಲಿ ಪಲ್ಲಕ್ಕಿ ನೋಡಿ ಬಂದ ಅಜ್ಜನಿಗೆ ಬೈಲಿಯ ಪಲ್ಲಕ್ಕಿ ಗೋಡೆಯ ಎಲ್ಲಿದೆ ಎಂದು ಬೆರಳು ಮಾಡಿ ತೋರಿಸಲು ಕನ್ನಡ ಬಲ್ಲ ಒಬ್ಬ ಹುಡುಗಿ ನಿಂತಿರಬೇಕು. ವಿವರಣೆಯ ಫಲಕ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಕನ್ನಡಕ ಮರೆತು ಬಂದವರೂ ಓದುವಂತೆ ಇರಬೇಕು. ಕೆರ್ ಪೋರ್ಟರನ ತೈಲಚಿತ್ರದ ಪಕ್ಕದಲ್ಲಿ ಲಂಡನ್ನಿನ ಆ 120 ಅಡಿ ಬಟ್ಟೆಯ ಕತೆ, ಅದು ಆಮೇಲೆ ಬೆಂಕಿಗೆ ಸಿಕ್ಕಿ ನಾಶವಾದ ಕತೆ ಇರಬೇಕು. ಹಳ್ಳಿಯಿಂದ ಬಂದ ಹೆಂಗಸರಿಗೆ ಕೂರಲು ನೆರಳು, ಕುಡಿಯಲು ನೀರು, ಶುಚಿಯಾದ ಶೌಚಾಲಯ ಬೇಕು. ಕೋಟೆಯ ಹೊರಗಿರುವ ದರಿಯಾ ದೌಲತ್‌ಗೆ ಪ್ರದರ್ಶನದ ದಿನಗಳಲ್ಲಿ ಕೆ.ಆರ್. ಪೇಟೆಯಿಂದ ಪಾಂಡವಪುರದ ಮೇಲೆ, ನಾಗಮಂಗಲದಿಂದ ಜಕ್ಕನಹಳ್ಳಿಯ ಮೇಲೆ ನೇರವಾಗಿ ಗೇಟಿನ ತನಕ ಬರುವ ಬಸ್ಸು ಬೇಕು, ಸಂಜೆ ವಾಪಸ್ ಹೋಗುವ ಬಸ್ಸಿನ ಹೊತ್ತನ್ನು ಟಿಕೆಟ್ಟಿನ ಹಿಂದೆಯೇ ಅಚ್ಚು ಹಾಕಬೇಕು.

ಮೇ 18 ಅಂತರರಾಷ್ಟ್ರೀಯ ಮ್ಯೂಸಿಯಂ ದಿನ. ಶಾಲೆಗೆ ರಜೆ, ಮಕ್ಕಳು ಅಜ್ಜಿ ಮನೆಯಲ್ಲಿರುತ್ತಾರೆ, ಕೋಟೆ ಬಿದ್ದ ದಿನವೂ ಅದೇ ತಿಂಗಳಿನದು. ಪ್ರದರ್ಶನ ಅಂದು ತೆರೆಯಲಿ. ಹೇಮಗಿರಿ ಜಾತ್ರೆಗೂ ಅದಕ್ಕೂ ನಡುವೆ ಮೂರು ತಿಂಗಳ ಮೇಲೆ ಸಿಗುತ್ತದೆ, ಬಟ್ಟೆ ನಾಲ್ಕೂ ತಾಲ್ಲೂಕು ಸುತ್ತಲು ಅಷ್ಟು ಕಾಲ ಬೇಕು. ಇಲಾಖೆಗೆ ಅರ್ಜಿ ಆಯುಧಪೂಜೆಗೆ ಮೊದಲೇ ಹೋಗಬೇಕು, ಬೋರ್ಡ್ ಬರೆಯುವವರನ್ನು ದೀಪಾವಳಿಯೊಳಗೆ ಹುಡುಕಿ ಮುಂಗಡ ಕೊಡಬೇಕು, ಬಟ್ಟೆಯನ್ನು ಸಂಕ್ರಾಂತಿಗೆ ಮುಂಚೆ ಹೊಲಿಸಿ ಅಂಟು ಬಳಿದು ಒಣಗಿಸಿ ಇಟ್ಟುಕೊಳ್ಳಬೇಕು.